ಬದಲಾದ ಮಳೆ ಮತ್ತು ನಮ್ಮ ಕರಾವಳಿ: ಪರಿಹಾರ ಕಿಟ್‌ಗಿಂತ ಮೊದಲಿನ ಕೆಲಸ

(ಮಂಗಳೂರಿನಲ್ಲಿ ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ವಿಚಾರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹವಾಮಾನ ಬದಲಾವಣೆಯ ಕುರಿತ ಮಾತನ್ನು ಉತ್ತರ ಧ್ರುವದ ಮಂಜುಗಡ್ಡೆಯಿಂದ ಆರಂಭಿಸುವುದು ವಾಡಿಕೆಯಾಗಿದೆ. ಕೇಳುಗರು ತಲೆಯಾಡಿಸುತ್ತಾರೆ, ಬಳಿಕ ಮನೆಗೆ ಹೋಗಿ ಮರೆತುಬಿಡುತ್ತಾರೆ. ಅದು ಸಹಜವೂ ಹೌದು. ಎಲ್ಲೋ ಕರಗುತ್ತಿರುವ ಮಂಜಿಗೂ ತನ್ನ ಮನೆಯ ಮಾಡಿಗೂ ಏನು ಸಂಬಂಧವೆಂದು ಒಬ್ಬ ಗೃಹಸ್ಥ ಕೇಳಿದರೆ ಅದರಲ್ಲಿ ತಪ್ಪೇನಿಲ್ಲ. ಆದ್ದರಿಂದ ನಾವಿಂದು ಧ್ರುವಕ್ಕೆ ಹೋಗುವುದಿಲ್ಲ. ಕಾರವಾರದಿಂದ ತಲಪಾಡಿಯವರೆಗಿನ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಈ ಕಡಲತೀರ ಮತ್ತು ಅದರ ಬೆನ್ನಿಗಿರುವ ಘಟ್ಟ, ಇಷ್ಟರಲ್ಲಿಯೇ ಇರೋಣ.

2022ರ ಆಗಸ್ಟ್ ಮೊದಲ ವಾರದಲ್ಲಿ ಭಟ್ಕಳದಲ್ಲಿ ಒಂದೇ ರಾತ್ರಿ ಸುರಿದ ಮಳೆಯನ್ನು ಆ ಊರಿನವರು ಮರೆತಿರಲಾರರು. ಐನೂರು ಮಿಲಿಮೀಟರಿಗೂ ಮಿಕ್ಕಿದ ಮಳೆಯದು. ಚಳ್ಳಕೆರೆಯಂಥ ಬಯಲುಸೀಮೆಯ ಊರಿಗೆ ಇಡೀ ವರ್ಷಕ್ಕೆ ಸಿಗುವ ಮಳೆ ಇದಕ್ಕಿಂತ ಹೆಚ್ಚಿಲ್ಲ. ಪೇಟೆಯ ಅಂಗಡಿಗಳು ಮುಳುಗಿದವು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಪ್ರಾಣ ಕಳೆದುಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಗುಡ್ಡ ಜರಿದು ಗಂಗಾವಳಿ ನದಿಗೆ ಬಿತ್ತು. ಅದರೊಂದಿಗೆ ನದಿಯ ಪಾಲಾದ ಕೇರಳದ ಲಾರಿ ಚಾಲಕನ ದೇಹ ದೊರೆಯಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದೇ ಜುಲೈ 30ರ ಮುಂಜಾವ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲಗಳನ್ನು ಮಣ್ಣು ನುಂಗಿತು. ಸತ್ತವರ ಸಂಖ್ಯೆ ಇನ್ನೂರೈವತ್ತನ್ನು ದಾಟಿತು. 2025ರಲ್ಲಿ ಮುಂಗಾರು ಎಂಟು ದಿನ ಮುಂಚಿತವಾಗಿ, ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. ಮೇ 30ರಂದು ಇಲ್ಲಿಯೇ ನಮ್ಮ ಮಂಜನಾಡಿಯ ಮೊಂಟೆಪದವಿನಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಪುಟ್ಟ ಮಕ್ಕಳೂ ಮಡಿದರು. ಶಾಲೆಗಳು ಆಗಿನ್ನೂ ಆರಂಭವಾಗಿದ್ದವಷ್ಟೇ. ಮಳೆಗಾಲದ ತಯಾರಿಗೆಂದು ಹಿಂದಿನಿಂದಲೂ ನಾವು ಲೆಕ್ಕ ಹಾಕಿಕೊಂಡು ಬಂದಿದ್ದ ದಿನಗಳನ್ನು ಮಳೆಯೇ ಕಸಿದುಕೊಂಡಿತ್ತು.

ಇದೆಲ್ಲವೂ ಹವಾಮಾನ ಬದಲಾವಣೆಯ ಫಲವೇ? ಇಲ್ಲಿ ಸ್ವಲ್ಪ ಎಚ್ಚರ ಅಗತ್ಯ. ಹಿಂದೆಯೂ ಮಹಾಮಳೆಗಳು ಬಂದಿವೆ. ಪ್ರತಿಯೊಂದು ಗುಡುಗಿಗೂ ಪ್ರತಿಯೊಂದು ಬರಕ್ಕೂ ಇದೇ ಕಾರಣವೆಂದು ಘೋಷಿಸುವವರು ವಿಜ್ಞಾನಕ್ಕೆ ನ್ಯಾಯ ಸಲ್ಲಿಸುತ್ತಿಲ್ಲ. ಆದರೆ ಮಳೆಯ ಸ್ವಭಾವವೇ ಬದಲಾಗಿದೆ ಎಂಬುದಕ್ಕೆ ಸಾಕಷ್ಟು ಪುರಾವೆಗಳಿವೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹೊರಬಲ್ಲ ತೇವಾಂಶ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1951ರಿಂದ 2015ರ ನಡುವೆ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ. ಅದೇ ಅವಧಿಯಲ್ಲಿ ದೇಶದ ಒಟ್ಟು ಮುಂಗಾರು ಮಳೆ ಸುಮಾರು ಶೇಕಡಾ 6ರಷ್ಟು ಕಡಿಮೆಯಾಗಿದೆ, ಪಶ್ಚಿಮ ಘಟ್ಟದ ಭಾಗದಲ್ಲಿ ಈ ಇಳಿಕೆ ಎದ್ದು ಕಾಣುತ್ತದೆ. ಕೇಳಲು ವಿಚಿತ್ರವೆನಿಸಬಹುದು. ಮಳೆ ಕಡಿಮೆಯಾಗಿದ್ದರೆ ನೆರೆ ಏಕೆ ಹೆಚ್ಚಾಯಿತು? ಹಿಂದೆ ಹತ್ತು ದಿನ ಹನಿಹನಿಯಾಗಿ ಬೀಳುತ್ತಿದ್ದುದು ಈಗ ಎರಡು ರಾತ್ರಿಯಲ್ಲಿ ಸುರಿದು, ಉಳಿದ ಎಂಟು ದಿನ ಬಿಸಿಲು ಕಾಯುತ್ತದೆ. ಹೀಗಾಗಿ ಒಂದೇ ವರ್ಷದಲ್ಲಿ ಗುಡ್ಡವೂ ಕುಸಿಯುತ್ತದೆ, ಬಾವಿಯೂ ಬತ್ತುತ್ತದೆ. ವಯನಾಡಿನ ದುರಂತದ ಬಳಿಕ ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ನಡೆಸಿದ ಅಧ್ಯಯನವು, ಆ ದಿನದ ಮಳೆಯ ತೀವ್ರತೆಯು ಭೂಮಿಯ ತಾಪ ಏರಿಕೆಯಿಂದಾಗಿ ಸುಮಾರು ಶೇಕಡಾ 10ರಷ್ಟು ಹೆಚ್ಚಿತ್ತೆಂದು ಅಂದಾಜಿಸಿದೆ.

ಶೇಕಡಾ ಹತ್ತು! ಉಳಿದ ತೊಂಬತ್ತು ಹೇಗಿದ್ದರೂ ಬೀಳಬೇಕಾದ ಮಳೆಯೇ. ಹಾಗಾದರೆ ಸಾವಿಗೆ ಮಳೆಯೊಂದೇ ಹೊಣೆಯೇ? ಇಂದಿನ ಮಾತಿನಲ್ಲಿ ನಮಗೆ ಮುಖ್ಯವೆನಿಸುವ ಪ್ರಶ್ನೆ ಇದು. ಆಕಾಶದಲ್ಲಿ ಆದ ಬದಲಾವಣೆಯನ್ನು ಮಂಗಳೂರಿನ ಒಂದು ಮೊಹಲ್ಲಾ ತಡೆಯಲಾರದು. ಭಾರತೀಯನೊಬ್ಬ ವರ್ಷಕ್ಕೆ ಹೊರಸೂಸುವ ಇಂಗಾಲದ ಡೈ ಆಕ್ಸೈಡ್ ಸರಾಸರಿ ಎರಡು ಟನ್‌ಗಳ ಆಸುಪಾಸಿನಲ್ಲಿದೆ. ಅಮೇರಿಕದವನದು ಅದರ ಏಳು ಪಟ್ಟು. ಆ ಅನ್ಯಾಯದ ಲೆಕ್ಕವನ್ನು ಜಾಗತಿಕ ಸಮ್ಮೇಳನಗಳಲ್ಲಿ ಕೇಳಲೇಬೇಕು. ಆದರೆ ನೆಲದ ಮೇಲೆ ನಾವು ಮಾಡಿದ್ದು, ಮಾಡದೆ ಬಿಟ್ಟದ್ದು ನಮ್ಮ ಕೈಯಲ್ಲಿಯೇ ಇದೆ.

ಕರಾವಳಿಯ ನೆಲವನ್ನು ಬಲ್ಲವರಿಗೆ ಇದು ಗೊತ್ತು. ಮೇಲೆ ಮುರಕಲ್ಲಿನ ಗಟ್ಟಿ ಪದರ, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿರುವಾಗ ಈ ಶೇಡಿ ಕಲ್ಲಿನಂತೆ ನಿಲ್ಲುತ್ತದೆ. ಜೆಸಿಬಿ ನೇರವಾಗಿ ಕಡಿದರೂ ಗೋಡೆಯಂತೆ ಕಾಣುತ್ತದೆ. ನೀರು ಒಳಹೊಕ್ಕರೆ ಅದರ ಶಕ್ತಿಯೆಲ್ಲ ಉಡುಗಿ ಕೆಸರಿನಂತೆ ಹರಿಯುತ್ತದೆ. ಮುರಕಲ್ಲಿನ ಟೊಪ್ಪಿ ಇರುವವರೆಗೆ ಹಾಗೂ ಗುಡ್ಡದ ಇಳಿಜಾರು ಹಾಗೆಯೇ ಇರುವವರೆಗೆ ಅಪಾಯ ಕಡಿಮೆ. ಟೊಪ್ಪಿಯನ್ನು ಕಲ್ಲಿನ ಕೋರೆಗಾಗಿ ತೆಗೆದು, ಬುಡವನ್ನು ಮನೆಯ ಜಾಗಕ್ಕಾಗಿ ಕಡಿದರೆ ನಡುವಿನ ಶೇಡಿಯನ್ನು ಹಿಡಿಯುವವರು ಯಾರು? ಶಿರೂರಿನಲ್ಲಿಯೂ ಹೆದ್ದಾರಿಗಾಗಿ ಗುಡ್ಡವನ್ನು ಬಹುತೇಕ ನೇರವಾಗಿ ಕಡಿದದ್ದನ್ನು ಭೂವಿಜ್ಞಾನಿಗಳು ಕಾರಣಗಳಲ್ಲೊಂದಾಗಿ ಗುರುತಿಸಿದರು. ಆದರೆ ಹೆದ್ದಾರಿಯವರನ್ನು ದೂರುವ ನಾವು ನಮ್ಮ ಹಿತ್ತಿಲಿನ ಬರೆಯನ್ನು ಒಮ್ಮೆ ನೋಡಿಕೊಳ್ಳಬೇಕು.

ನಮ್ಮ ಸಮುದಾಯದ ಮಟ್ಟಿಗೆ ಇದಕ್ಕೊಂದು ವಿಶೇಷ ಮುಖವಿದೆ. ಗಲ್ಫ್‌ನಲ್ಲಿ ಹತ್ತು ಹದಿನೈದು ವರ್ಷ ಬೆವರು ಸುರಿಸಿ ಗಳಿಸಿದ ಹಣ ಎಲ್ಲಿ ಹೋಗುತ್ತದೆ? ಒಂದು ಭಾಗ ಹೆಣ್ಣುಮಕ್ಕಳ ಮದುವೆಗೆ, ಉಳಿದದ್ದು ಮನೆಗೆ. ಪೇಟೆಯ ಸಮತಟ್ಟು ಜಾಗದ ಬೆಲೆ ಕೈಗೆಟುಕುವುದಿಲ್ಲ. ಆಗ ಗುಡ್ಡದ ಬದಿಯ ಐದು ಸೆಂಟ್ಸ್ ಜಾಗ ಅಗ್ಗಕ್ಕೆ ಸಿಗುತ್ತದೆ. ಎರಡು ದಿನ ಜೆಸಿಬಿ ಓಡಿದರೆ ಮನೆಯ ತಳ ಸಿದ್ಧ. ಹಿಂಬದಿಯಲ್ಲಿ ಇಪ್ಪತ್ತು ಅಡಿ ಎತ್ತರದ ಬರೆ, ಅದಕ್ಕೂ ಅಡುಗೆಕೋಣೆಗೂ ನಡುವೆ ಬಟ್ಟೆ ಒಣಗಿಸುವಷ್ಟು ಜಾಗ. ಟೈಲ್ಸ್‌ಗೆ, ಗೇಟಿಗೆ, ಫಾಲ್ಸ್ ಸೀಲಿಂಗ್‌ಗೆ ಹಣ ಒದಗುತ್ತದೆ, ತಡೆಗೋಡೆಗೆ ಮಾತ್ರ ‘ಮುಂದಿನ ರಜೆಯಲ್ಲಿ ನೋಡೋಣ’ ಎನ್ನಲಾಗುತ್ತದೆ. ಮನೆ ಕಟ್ಟಿದವನು ಮರಳಿ ದಮ್ಮಾಮಿಗೋ ದುಬೈಗೋ ಹೋಗಿರುತ್ತಾನೆ. ಜೂನ್ ತಿಂಗಳ ರಾತ್ರಿಗಳಲ್ಲಿ ಆ ಬರೆಯ ಕೆಳಗೆ ಮಲಗುವವರು ಅವನ ತಾಯಿ, ಹೆಂಡತಿ, ಮಕ್ಕಳು. ಮನೆಯ ಜಾಗವನ್ನು ನಿಶ್ಚಯಿಸುವ ಮಾತುಕತೆಯಲ್ಲಿ ಈ ಹೆಂಗಸರ ಅಭಿಪ್ರಾಯವನ್ನು ಕೇಳಿದವರೆಷ್ಟು ಮಂದಿ ಎಂಬುದನ್ನು ಸಭೆಯಲ್ಲಿರುವ ಸಹೋದರರೇ ಹೇಳಬೇಕು.

ತಡೆಗೋಡೆ ಕಟ್ಟಿದರೂ ಸಾಲದು. ಹಿಂದಿನ ನೀರು ಹೊರಬರಲು ಅದರಲ್ಲಿ ಕೊಳವೆಗಳಿರಬೇಕು. ಇಲ್ಲದಿದ್ದರೆ ನೀರಿನ ಭಾರಕ್ಕೆ ಗೋಡೆಯೇ ಮನೆಯ ಮೇಲೆ ಬರುತ್ತದೆ. ಗುಡ್ಡದ ಮೇಲ್ಭಾಗದಲ್ಲಿ ಬಿರುಕು ಕಾಣಿಸಿಕೊಂಡರೆ, ಮರಗಳು ವಾಲಿದರೆ, ಎಂದೂ ಇಲ್ಲದ ಕಡೆ ಒರತೆ ಚಿಮ್ಮಿ ಕೆಸರು ನೀರು ಹರಿದರೆ ಆ ರಾತ್ರಿ ಆ ಮನೆಯಲ್ಲಿ ಮಲಗಬಾರದು. ಇದಕ್ಕೆ ಇಂಜಿನಿಯರ್ ಬರಬೇಕೆಂದಿಲ್ಲ.

ಗುಡ್ಡದ ಕತೆ ಹೀಗಾದರೆ ತಗ್ಗಿನ ಕತೆ ಬೇರೆ. ಮಂಗಳೂರಿನ ಊರ ಹೆಸರುಗಳೇ ನೀರಿನ ನಕಾಶೆಯಂತಿವೆ. ಪದವು ಎಂದರೆ ಎತ್ತರದ ಬಯಲು, ಬೈಲು ಎಂದರೆ ತಗ್ಗಿನ ಗದ್ದೆ. ಕೊಡಿಯಾಲಬೈಲಿನಲ್ಲಿ ಇಂದು ಗದ್ದೆಯಿಲ್ಲ, ಎಮ್ಮೆಕೆರೆಯಿದ್ದಲ್ಲಿ ಈಜುಕೊಳವಿದೆ. ಹೆಸರು ಮರೆತ ನಮಗೆ ನೀರೇ ಆಗಾಗ ನೆನಪಿಸುತ್ತದೆ. 2018ರ ಮೇ 29ರಂದು, ಮಳೆಗಾಲ ಆರಂಭವಾಗುವ ಮೊದಲೇ, ನಗರದ ಅರ್ಧ ಭಾಗ ನೀರಿನಲ್ಲಿ ನಿಂತಿತ್ತು. ರಾಜಕಾಲುವೆಗಳ ಮೇಲೆ ಕಟ್ಟಡ ಕಟ್ಟಿದವರು ಯಾರು, ಅದಕ್ಕೆ ಪರವಾನಿಗೆ ನೀಡಿದವರು ಯಾರು ಎಂಬ ಚರ್ಚೆ ಅಂದು ಜೋರಾಗಿ ನಡೆದು, ನೀರು ಇಳಿದ ಮೇಲೆ ಇಳಿಯಿತು.

ಇನ್ನು ಕಡಲಿನ ಬಳಿಗೆ ಬರೋಣ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ 2001ರಿಂದ 2019ರ ಅವಧಿಯಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇಕಡಾ 52ರಷ್ಟು ಏರಿದೆ. ಹಿಂದೆ ಚಂಡಮಾರುತವೆಂದರೆ ಬಂಗಾಳ ಕೊಲ್ಲಿಯ ಮಾತಾಗಿತ್ತು. 2017ರ ಓಖಿ, 2021ರ ತೌಕ್ತೆ, 2023ರ ಬಿಪರ್‌ಜಾಯ್‌ಗಳ ಬಳಿಕ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಮಕ್ಕಳೂ ಈ ಹೆಸರುಗಳನ್ನು ಬಲ್ಲರು. ಚಂಡಮಾರುತ ಗುಜರಾತಿನಲ್ಲಿ ದಡ ಸೇರಿದರೂ ಅದರ ಅಲೆ ನಮ್ಮ ತೆಂಗಿನ ಮರಗಳನ್ನು ಒಯ್ಯುತ್ತದೆ. ಸಮುದ್ರ ಮಟ್ಟವು ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲಿ 1993ರಿಂದ 2017ರವರೆಗೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರಿನಂತೆ ಏರಿದೆ. ಒಂದು ಅಕ್ಕಿಕಾಳಿನ ಉದ್ದವೂ ಇಲ್ಲದ ಅಳತೆ, ಆದರೆ ಒಬ್ಬನ ಯೌವನದಿಂದ ಮುಪ್ಪಿನವರೆಗಿನ ಅವಧಿಯಲ್ಲಿ ಅದು ಅರ್ಧ ಅಡಿಗೂ ಮೀರುತ್ತದೆ.

ಇಲ್ಲಿಯೂ ಕಡಲನ್ನೊಂದನ್ನೇ ದೂರುವುದು ಸಲ್ಲದು. ತೀರದ ಮರಳು ನದಿಗಳ ಕೊಡುಗೆ. ನದಿಗೆ ಅಣೆಕಟ್ಟು ಹಾಕಿ, ನದಿಯ ಮರಳನ್ನು ಲಾರಿಗಳಲ್ಲಿ ಸಾಗಿಸಿದ ಮೇಲೆ ಕಡಲತೀರಕ್ಕೆ ಏನು ಉಳಿಯುತ್ತದೆ? ಅಳಿವೆ ಬಾಗಿಲಿನಲ್ಲಿ ದೋಣಿಗಳ ಅನುಕೂಲಕ್ಕಾಗಿ ಕಟ್ಟಿದ ತಡೆಗೋಡೆಗಳು ಮರಳಿನ ಸಹಜ ಚಲನೆಯನ್ನು ಬದಲಿಸಿದವು. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಕಡಲೊಳಗೆ ಕೃತಕ ದಿಬ್ಬಗಳನ್ನು ನಿರ್ಮಿಸಲಾಯಿತು. ಅಲ್ಲಿ ಒಂದಿಷ್ಟು ರಕ್ಷಣೆ ದೊರೆತದ್ದು ನಿಜ. ಆದರೆ ಕೊರೆತವು ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯತ್ತ ಸರಿಯಿತೆಂದು ಅಲ್ಲಿನವರು ದೂರುತ್ತಲೇ ಬಂದಿದ್ದಾರೆ. ಪ್ರತಿ ವರ್ಷ ಜೂನ್‌ನಲ್ಲಿ ಕಲ್ಲು ತಂದು ಸುರಿಯುತ್ತಾರೆ, ಜುಲೈಯಲ್ಲಿ ಸಚಿವರು ಬಂದು ನೋಡುತ್ತಾರೆ, ಆಗಸ್ಟ್‌ನಲ್ಲಿ ಕಲ್ಲು ಮರಳಿನೊಳಗೆ ಹೂತುಹೋಗುತ್ತದೆ. ಆ ಕಲ್ಲು ಬರುವುದು ಎಲ್ಲಿಂದ? ಮತ್ತೊಂದು ಊರಿನ ಗುಡ್ಡದಿಂದ!

ಇದಕ್ಕಿಂತಲೂ ನೋವಿನ ಸಂಗತಿಯೆಂದರೆ, ಮನೆ ಕಡಲ ಪಾಲಾದವನು ಕಾನೂನಿನ ಕಣ್ಣಿನಲ್ಲಿ ವಿಕೋಪದ ಸಂತ್ರಸ್ತನೇ ಅಲ್ಲ. 2021ರಿಂದ 2026ರ ಅವಧಿಗೆ ಅನ್ವಯಿಸಿದ ಕೇಂದ್ರದ ವಿಕೋಪ ಪರಿಹಾರ ನಿಧಿಯ ಹನ್ನೆರಡು ವಿಕೋಪಗಳ ಪಟ್ಟಿಯಲ್ಲಿ ಭೂಕುಸಿತವಿತ್ತು, ಮೇಘಸ್ಫೋಟವಿತ್ತು, ಶೀತಗಾಳಿಯಿತ್ತು, ಕಡಲ್ಕೊರೆತವಿರಲಿಲ್ಲ. ರಾಜ್ಯ ಸರಕಾರ ಮನಸ್ಸು ಮಾಡಿದರೆ ತನ್ನ ನಿಧಿಯ ಶೇಕಡಾ 10ರಷ್ಟನ್ನು ಇಂತಹ ಸ್ಥಳೀಯ ವಿಕೋಪಗಳಿಗೆ ಬಳಸಬಹುದಿತ್ತು. ಹದಿನೈದನೇ ಹಣಕಾಸು ಆಯೋಗವು ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗಾಗಿ ದೇಶದ ಮಟ್ಟದಲ್ಲಿ 1,000 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತ್ತು. ಇದರಲ್ಲಿ ನಮ್ಮ ಕರಾವಳಿಗೆ ಬಂದದ್ದೆಷ್ಟು ಎಂದು ವಿಧಾನಸಭೆಯಲ್ಲಿ ಎದ್ದುನಿಂತು ಕೇಳುವುದು ಕರಾವಳಿಯ ಶಾಸಕರ ಕೆಲಸ. ಅವರಿಗೆ ಕೇಳಲು ಬೇರೆ ವಿಷಯಗಳು ಬಹಳ ಇವೆ. ಅವು ಯಾವುವೆಂಬುದು ತಮಗೆ ತಿಳಿದೇ ಇದೆ.

ಇದೇ ಆಯೋಗದ ಇನ್ನೊಂದು ಲೆಕ್ಕವನ್ನು ಗಮನಿಸಿ. ರಾಜ್ಯಗಳ ವಿಕೋಪ ನಿಧಿಯನ್ನು ಅದು ಎರಡಾಗಿ ಭಾಗಿಸಿತು. ವಿಕೋಪ ಸಂಭವಿಸಿದ ಬಳಿಕದ ಪರಿಹಾರ, ಪುನರ್ನಿರ್ಮಾಣ ಇತ್ಯಾದಿಗಳಿಗೆ ಶೇಕಡಾ 80; ಸಂಭವಿಸುವ ಮುನ್ನ ಅಪಾಯ ತಗ್ಗಿಸುವುದಕ್ಕೆ ಶೇಕಡಾ 20. ಅದಕ್ಕೂ ಮೊದಲು ಈ ಇಪ್ಪತ್ತಕ್ಕೆ ಪ್ರತ್ಯೇಕ ನಿಧಿಯೇ ಇರಲಿಲ್ಲವೆಂಬುದರಿಂದ ಇದನ್ನು ಸ್ವಾಗತಿಸಲೇಬೇಕು. ಆದರೂ ಸರಕಾರದ ಮನಸ್ಸು ಎತ್ತ ಇದೆಯೆಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ಸರಕಾರವನ್ನು ಮಾತ್ರ ಹೇಳಿ ಸುಮ್ಮನಾಗುವಂತಿಲ್ಲ. ನಮ್ಮ ಸಂಘ ಸಂಸ್ಥೆಗಳ ಲೆಕ್ಕಪುಸ್ತಕವನ್ನು ತೆರೆದರೆ ಅಲ್ಲಿ ಎಂಬತ್ತು ಇಪ್ಪತ್ತೂ ಇಲ್ಲ, ನೂರು ಸೊನ್ನೆ ಇದೆ. 2018ರಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳಲ್ಲಿ ಬೆಟ್ಟ ಜರಿದಾಗ, 2019ರಲ್ಲಿ ಬೆಳಗಾವಿ, ಬಾಗಲಕೋಟೆಗಳು ಮುಳುಗಿದಾಗ ನಮ್ಮ ಯುವಕರು ರಾತ್ರಿ ಹಗಲೆನ್ನದೆ ದುಡಿದರು. ಅಕ್ಕಿ, ಹೊದಿಕೆ, ಔಷಧಗಳ ಲಾರಿಗಳು ಹೋದವು, ಮದ್ರಸಗಳ ಬಾಗಿಲುಗಳು ಜಾತಿಮತ ನೋಡದೆ ತೆರೆದವು. ಇದು ಅಭಿಮಾನದ ವಿಷಯವೇ. ಆದರೆ ಅದೇ ಯುವಕರಲ್ಲಿ ತಮ್ಮ ಗ್ರಾಮ ಪಂಚಾಯತ್‌ನ ಗ್ರಾಮಸಭೆಗೆ ಹೋದವರೆಷ್ಟು? ತಮ್ಮ ವಾರ್ಡಿನಲ್ಲಿ ಅಪಾಯದ ಅಂಚಿನಲ್ಲಿರುವ ಮನೆಗಳೆಷ್ಟೆಂದು ಎಣಿಸಿದವರೆಷ್ಟು? ಕಿಟ್ ಹಂಚುವಾಗ ಫೋಟೋ ಬರುತ್ತದೆ. ಚರಂಡಿಯ ಹೂಳೆತ್ತಿಸಿದಾಗ ಬರುವುದಿಲ್ಲ.

ಕೆಲವರು ಇಂತಹ ಮಾತು ಬಂದಾಗ ‘ಎಲ್ಲವೂ ವಿಧಿ, ನಮ್ಮ ಕೈಯಲ್ಲೇನಿದೆ’ ಎನ್ನುತ್ತಾರೆ. ತವಕ್ಕುಲ್ ಎಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲವೆಂದು ಮದ್ರಸದ ಕೆಳತರಗತಿಯ ಮಕ್ಕಳೂ ಕಲಿತಿರುತ್ತಾರೆ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ. ಬದಲು ಒಂದು ದೇಶದ ಕತೆಯನ್ನು ನೋಡೋಣ. 1970ರ ನವೆಂಬರ್‌ನಲ್ಲಿ ಈಗಿನ ಬಾಂಗ್ಲಾದೇಶದ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಜನ ಸತ್ತರು. 1991ರಲ್ಲಿ ಮತ್ತೆ ಸುಮಾರು 1 ಲಕ್ಷ 38 ಸಾವಿರ. 2007ರ ಸಿಡ್ರ್ ಚಂಡಮಾರುತದಲ್ಲಿ ಈ ಸಂಖ್ಯೆ ಸುಮಾರು 3,400ಕ್ಕೆ ಇಳಿಯಿತು. ಚಂಡಮಾರುತ ಸೌಮ್ಯವಾಗಲಿಲ್ಲ, ದೇಶವೂ ಶ್ರೀಮಂತವಾಗಿರಲಿಲ್ಲ. ಊರೂರಿಗೆ ಎತ್ತರದ ಆಶ್ರಯ ಕಟ್ಟಡಗಳು ಬಂದವು. ಧ್ವಜ, ಸೈರನ್, ಧ್ವನಿವರ್ಧಕಗಳೊಂದಿಗೆ ಮನೆಮನೆಗೆ ಹೋಗಿ ಎಚ್ಚರಿಸುವ ಸ್ವಯಂಸೇವಕರ ಪಡೆ ಬೆಳೆಯಿತು. ಇಂದು ಆ ಪಡೆಯಲ್ಲಿ ಎಪ್ಪತ್ತಾರು ಸಾವಿರ ಮಂದಿಯಿದ್ದಾರೆ, ಅವರಲ್ಲಿ ಅರ್ಧದಷ್ಟು ಮಹಿಳೆಯರು. ಪರಪುರುಷರು ಬಂದು ಕರೆದರೆ ಮನೆಯಿಂದ ಹೊರಬರಲು ಹಿಂಜರಿದ ಹೆಂಗಸರು 1991ರಲ್ಲಿ ಗಂಡಸರಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಸತ್ತಿದ್ದರೆಂಬುದನ್ನು ಅವರು ಅರಿತುಕೊಂಡರು. ನಮ್ಮದೇ ಒಡಿಶಾ 1999ರಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕಳೆದುಕೊಂಡು, 2013ರ ಫೈಲಿನ್‌ನಲ್ಲಿ ಸಾವನ್ನು ಐವತ್ತಕ್ಕಿಂತ ಕೆಳಗೆ ಇಳಿಸಿತು. ಅದೂ ಇದೇ ಹಾದಿಯಲ್ಲಿ.

ನಮ್ಮಲ್ಲಿ ಎಚ್ಚರಿಕೆ ಇಲ್ಲದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಂಚಾಯತ್ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಅದರ ವರುಣಮಿತ್ರ ಸಹಾಯವಾಣಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಕನ್ನಡದಲ್ಲಿ ಉತ್ತರಿಸುತ್ತದೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ನೀಡುತ್ತದೆ. ಆದರೆ ರೆಡ್ ಅಲರ್ಟ್ ಎಂದರೆ ನಮಗೆ ಶಾಲೆಗೆ ರಜೆ ಎಂದಷ್ಟೇ ಅರ್ಥ. ಗುಡ್ಡದ ಕೆಳಗಿನ ಮನೆಯವರು ಆ ರಾತ್ರಿ ಎಲ್ಲಿ ಮಲಗಬೇಕೆಂದು ಯಾರೂ ಹೇಳುವುದಿಲ್ಲ. ಮಸೀದಿಯ ಮೈಕ್ ಇದೆ, ಮದ್ರಸದ ಕೊಠಡಿಗಳಿವೆ. ಶೌಚಾಲಯ ಮತ್ತು ಹೆಂಗಸರಿಗೆ ಪ್ರತ್ಯೇಕ ಜಾಗವನ್ನು ಮೇ ತಿಂಗಳಲ್ಲಿಯೇ ಸಜ್ಜುಗೊಳಿಸಿದರೆ, ಅಪಾಯದಲ್ಲಿರುವ ಹತ್ತೋ ಹದಿನೈದೋ ಮನೆಗಳವರಿಗೆ ‘ಈ ರಾತ್ರಿ ಇಲ್ಲಿಗೆ ಬನ್ನಿ’ ಎಂದು ಹೇಳಲು ಜಮಾಅತ್‌ಗೆ ಖರ್ಚೇನೂ ಬಾರದು. ಆ ಮನೆಗಳಲ್ಲಿ ಹಿಂದೂಗಳ ಮನೆಗಳೂ ಇರುತ್ತವೆ, ಕ್ರೈಸ್ತರ ಮನೆಗಳೂ ಇರುತ್ತವೆ. ಪಟ್ಟಿ ಒಂದೇ ಇರಲಿ.

ಬೇಸಿಗೆಯ ನೀರಿನ ಮಾತು ಇನ್ನೂ ಉಳಿದಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಮಂಗಳೂರಿನಲ್ಲಿ 2016, 2019 ಮತ್ತು 2023ರ ಬೇಸಿಗೆಗಳಲ್ಲಿ ತುಂಬೆ ಅಣೆಕಟ್ಟಿನ ನೀರು ತಳಕಂಡು ನಳ್ಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಒಂದು ಸಾವಿರ ಚದರಡಿಯ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು, ಪೋಲಾಗುವುದನ್ನು ಕಳೆದರೂ, ಎರಡೂವರೆ ಲಕ್ಷ ಲೀಟರ್. ಐದು ಮಂದಿಯ ಕುಟುಂಬಕ್ಕೆ ನಗರದ ಮಾನದಂಡದಂತೆ ತಲೆಗೆ ದಿನಕ್ಕೆ 135 ಲೀಟರ್ ಎಂದರೂ ನೂರು ದಿನಗಳ ಬೇಸಿಗೆಗೆ ಬೇಕಾಗುವುದು ಸುಮಾರು 67 ಸಾವಿರ ಲೀಟರ್. ಐದು ಸಾವಿರ ಚದರಡಿಯ ಮಸೀದಿಯೊಂದರ ಮಾಡಿನಿಂದ ಹನ್ನೆರಡು ಲಕ್ಷ ಲೀಟರಿಗೂ ಹೆಚ್ಚು ನೀರು ಮಾರ್ಗಕ್ಕೆ ಹರಿದು, ಮಾರ್ಚ್ ಬಂದಾಗ ವುಝೂಗಾಗಿ ಟ್ಯಾಂಕರ್ ತರಿಸಲಾಗುತ್ತದೆ. ಅಷ್ಟು ನೀರನ್ನು ಟಾಂಕಿಯಲ್ಲಿ ಹಿಡಿದಿಡಲಾಗದು ನಿಜ. ಜಲ್ಲಿ, ಮರಳಿನ ಸೋಸುವಿಕೆಯ ಮೂಲಕ ತೆರೆದ ಬಾವಿಗೆ ಬಿಡಬಹುದು. ಎಲ್ಲ ಬಾವಿಯಲ್ಲಿಯೂ ಅದು ಬೇಸಿಗೆಯವರೆಗೆ ನಿಲ್ಲದು, ನಮ್ಮ ಮುರಕಲ್ಲಿನಲ್ಲಿ ನೀರು ಬೇಗ ಜಾರಿ ಹೋಗುತ್ತದೆ. ಅದಕ್ಕಾಗಿಯೇ ಹಿರಿಯರು ಗುಡ್ಡದ ಮೇಲೆ ಮದಕಗಳನ್ನೂ ತೋಡಿಗೆ ಅಡ್ಡಲಾಗಿ ಕಟ್ಟಗಳನ್ನೂ ಕಟ್ಟಿದ್ದರು. ಒಬ್ಬನ ಬಾವಿಯಲ್ಲಿ ನೀರು ನಿಲ್ಲಬೇಕಾದರೆ ಇಡೀ ಬೈಲಿನಲ್ಲಿ ನೀರು ನಿಲ್ಲಬೇಕು. ಇಲ್ಲೊಂದು ಎಚ್ಚರಿಕೆ. ನೀರಿಂಗಿಸುವ ಉತ್ಸಾಹದಲ್ಲಿ ಕಡಿದ ಬರೆಯ ಮೇಲ್ಭಾಗದಲ್ಲಿ ಇಂಗುಗುಂಡಿ ತೋಡಬಾರದು. ಅದು ಶೇಡಿ ಮಣ್ಣಿಗೆ ನಾವೇ ನೀರು ಕುಡಿಸಿದಂತೆ.

ಅಡಿಕೆ ತೋಟವಿರುವ ಪುತ್ತೂರು, ಬಂಟ್ವಾಳದ ಕುಟುಂಬಗಳಿಗೆ ಒಂದು ಮಾತು. ಬಿಡುವಿಲ್ಲದ ಮಳೆಯಲ್ಲಿ ಬೋರ್ಡೋ ಸಿಂಪಡಿಸಲು ಎರಡು ಒಣ ದಿನ ಸಿಗದೆ ಕೊಳೆರೋಗ ಬರುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಕೃಷಿಕ ಕಟ್ಟಬೇಕಾದುದು ವಿಮಾ ಮೊತ್ತದ ಶೇಕಡಾ 5 ಮಾತ್ರ. ಪರಿಹಾರ ನಿರ್ಧಾರವಾಗುವುದು ಪಂಚಾಯತ್‌ನ ಮಳೆಮಾಪಕದ ಅಂಕಿಗಳಿಂದ. ಆ ಯಂತ್ರ ಕೆಟ್ಟಿದೆಯೇ ಸರಿಯಿದೆಯೇ ಎಂದು ವಿಚಾರಿಸುವ ಹಕ್ಕು ಕೃಷಿಕನಿಗಿದೆ. ವಿಮೆಯ ವಿಷಯದಲ್ಲಿ ಧಾರ್ಮಿಕ ಪ್ರಶ್ನೆಗಳಿರುವವರು ಉಲಮಾಗಳಲ್ಲಿ ಕೇಳಿಕೊಳ್ಳಲಿ. ಕೇಳದೆಯೂ ಕಟ್ಟದೆಯೂ ಕೂರುವುದು ಸರಿಯಲ್ಲ.

ಮೀನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಡವರ ತಟ್ಟೆಯ ಬೂತಾಯಿ 2012ರಲ್ಲಿ ಕೇರಳವೊಂದರಲ್ಲೇ ನಾಲ್ಕು ಲಕ್ಷ ಟನ್ನಿನ ಸಮೀಪ ಸಿಕ್ಕಿದ್ದು, 2021ರಲ್ಲಿ 3,297 ಟನ್ನಿಗೆ ಕುಸಿದು, ಬಳಿಕ ಮತ್ತೆ ಚೇತರಿಸಿಕೊಂಡಿತು. ಕಡಲಿನ ಏರುಪೇರಿಗೆ ಅದು ಬಹಳ ಸೂಕ್ಷ್ಮವಾದ ಮೀನು. ಸಣ್ಣ ಮರಿಗಳನ್ನೂ ಬಲೆಯಿಂದ ಬಾಚಿ ಮೀನೆಣ್ಣೆಯ ಕಾರ್ಖಾನೆಗೆ ಮಾರಿದರೆ ಆ ಚೇತರಿಕೆಯೂ ಉಳಿಯದು.

ಗಲ್ಫ್‌ನಲ್ಲಿ ದುಡಿಯುವವರನ್ನು ಮರೆಯುವಂತಿಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವುದು ನಿಷಿದ್ಧ. ತಮ್ಮ ಮಕ್ಕಳಿಗೆ ಈ ಬಿಡುವು ದೊರೆಯುತ್ತಿದೆಯೇ ಎಂದು ಫೋನಿನಲ್ಲಿ ಕೇಳುವ ತಂದೆ ತಾಯಿಗಳು ಕಡಿಮೆ. 2024ರ ಏಪ್ರಿಲ್ 16ರಂದು ದುಬೈ ಮುಳುಗಿದಾಗ ಇಲ್ಲಿನ ಮನೆಗಳಲ್ಲಿ ಉಂಟಾದ ಗಾಬರಿಯನ್ನು ಎಲ್ಲರೂ ಬಲ್ಲರು. ಎಪ್ಪತ್ತೈದು ವರ್ಷಗಳಲ್ಲಿ ಕಾಣದ ಮಳೆಯೆಂದು ಅಲ್ಲಿನ ಸರಕಾರವೇ ಹೇಳಿತು.

ಕೊನೆಗೆ ರಾಜಕೀಯ. ಪಶ್ಚಿಮ ಘಟ್ಟದ ಕುರಿತು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ನೀಡಿದವು. ಕೇಂದ್ರ ಸರಕಾರ 2024ರ ಜುಲೈ 31ರಂದು, ವಯನಾಡಿನ ಮರುದಿನ, ಆರನೆಯ ಬಾರಿಗೆ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಕಾಂಗ್ರೆಸ್, ಬಿಜೆಪಿ ಯಾವ ಸರಕಾರ ಬಂದರೂ ಈ ವಿಷಯದಲ್ಲಿ ಮಾತ್ರ ಒಮ್ಮತವಿದೆ. ಘಟ್ಟದ ಸಣ್ಣ ಕೃಷಿಕರ ಭಯ ಸುಳ್ಳಲ್ಲ. ಅವರನ್ನು ಒಕ್ಕಲೆಬ್ಬಿಸಲಾಗುತ್ತದೆಂಬ ಮಾತು ಊರೂರಲ್ಲಿ ಹಬ್ಬಿತ್ತು, ವರದಿಯನ್ನು ಕನ್ನಡದಲ್ಲಿ ಮನೆಮನೆಗೆ ತಲುಪಿಸುವ ಕೆಲಸವನ್ನು ಯಾರೂ ಮಾಡಲಿಲ್ಲ. ಆದರೆ ಸಣ್ಣ ಕೃಷಿಕನನ್ನು ಮುಂದೆ ನಿಲ್ಲಿಸಿ ಕಲ್ಲು ಕೋರೆಯವರೂ ರೆಸಾರ್ಟಿನವರೂ ಹಿಂದಿನಿಂದ ಲಾಭ ಪಡೆದದ್ದನ್ನು ಹೇಳದಿರಲಾಗದು. ವರದಿಯನ್ನು ತಿರಸ್ಕರಿಸಿದವರು ಅದರ ಬದಲಿಗೆ ಏನು ಮಾಡುತ್ತಾರೆಂದು ಹೇಳಬೇಕಾಗಿತ್ತು.

ಮಳೆಗಾಲಕ್ಕೆ ಮುಂಚೆ ಪ್ರತಿ ಜಮಾಅತ್‌ನಿಂದ ನಾಲ್ವರು, ಅವರಲ್ಲಿ ಇಬ್ಬರು ಮಹಿಳೆಯರು, ತಮ್ಮ ಗ್ರಾಮ ಪಂಚಾಯತ್ ಅಥವಾ ನಗರಸಭೆಗೆ ಹೋಗಿ ಮೂರು ಕಾಗದಗಳನ್ನು ಕೇಳಲಿ. ಆ ವಾರ್ಡಿನ ವಿಕೋಪ ನಿರ್ವಹಣಾ ಯೋಜನೆ, ಅಪಾಯದಲ್ಲಿರುವ ಮನೆಗಳ ಪಟ್ಟಿ, ಚರಂಡಿ ಹೂಳೆತ್ತಲು ಹಿಂದಿನ ವರ್ಷ ಆದ ಖರ್ಚು. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಉತ್ತರ ಮೂವತ್ತು ದಿನಗಳೊಳಗೆ ಬರಬೇಕು. ಹಾಗಾಗಿ ಏಪ್ರಿಲ್ ಮುಗಿಯುವ ಮುನ್ನವೇ ಅರ್ಜಿ ಕೊಡಬೇಕಾಗುತ್ತದೆ.